ಧೂಳು ಹುಟ್ಟುವುದು ನೀರಿನಲ್ಲಿ

ಒಂದು ಹಿಡಿ ಒಣ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ಕತ್ತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿಮಾಡಿ ಚೆನ್ನಾಗಿ ಕುಲುಕಿ, ಕಿಟಕಿಯ ಪಕ್ಕ ಇಟ್ಟು ನೋಡಿ. ನಾನು ಇದನ್ನು ಎಷ್ಟೋ ಸಲ ಮಾಡಿದ್ದೇನೆ. ಪ್ರತಿ ಸಲವೂ ಬಾಟಲಿಯ ಮುಂದಿನಿಂದ ಏಳಲು ಮನಸ್ಸಾಗುವುದಿಲ್ಲ. ಕುಲುಕುವುದನ್ನು ನಿಲ್ಲಿಸಿದ ಒಂದು ನಿಮಿಷದೊಳಗೆ ಮರಳು ತಳ ಸೇರಿ, ಕಣಗಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಪದರವಾಗುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಇಳಿಯುತ್ತಲೇ ಇರುವುದು ರೇವೆ, ಹಿಟ್ಟಿನಂತೆ ನುಣುಪಾದ ಮಣ್ಣು. ಅದಕ್ಕೂ ಮೇಲೆ ನೀರು ಕದಡಿಯೇ ಉಳಿಯುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಎದ್ದು ನೋಡಿದರೂ ಬಾಟಲಿಯ ಆಚೆಗಿರುವುದು ಸರಿಯಾಗಿ ಕಾಣಿಸುವುದಿಲ್ಲ. ಆ ಕದಡು ಜೇಡಿಮಣ್ಣಿನದು.

ನೀರಿನಲ್ಲಿ ತಳ ಸೇರಲು ಇಷ್ಟು ಸತಾಯಿಸುವ ಈ ರೇವೆ ಮತ್ತು ಜೇಡಿಯ ಕಣಗಳೇ ಗಾಳಿಗೆ ಸಿಕ್ಕಾಗ ಧೂಳೆನಿಸಿಕೊಳ್ಳುತ್ತವೆ. ಧೂಳೆಂದರೆ ನಮಗೆ ಮೊದಲು ನೆನಪಾಗುವುದು ಬಿಸಿಲು, ಬರ, ಮರುಭೂಮಿ. ಬಂಡೆಯೊಂದು ಬಿಸಿಲಿಗೆ ಒಣಗಿ ಒಣಗಿ ಪುಡಿಯಾಗುತ್ತದೆ, ಆ ಪುಡಿಯನ್ನು ಗಾಳಿ ಹೊತ್ತೊಯ್ಯುತ್ತದೆ ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿ ಕುಳಿತಿದೆ. ಆ ಚಿತ್ರದ ಎರಡನೆಯ ಅರ್ಧ ಸರಿ, ಮೊದಲನೆಯದು ಬಹುಮಟ್ಟಿಗೆ ತಪ್ಪು. ಕಲ್ಲನ್ನು ಧೂಳಾಗಿಸುವ ಕೆಲಸದಲ್ಲಿ ಸಿಂಹಪಾಲು ನೀರಿನದು. ಆ ನೀರು ಹೊರಟುಹೋದ ಮೇಲಷ್ಟೇ ಗಾಳಿಯ ಸರದಿ ಬರುತ್ತದೆ.

ಇದನ್ನು ಈಗ ಬಿಡಿಸಿ ಹೇಳಬೇಕಾದ ಕಾರಣವಿದೆ. ಮರಳು ಮತ್ತು ಧೂಳಿನ ಬಿರುಗಾಳಿಗಳ ವಿರುದ್ಧ ಹೋರಾಡುವ ದಶಕವೆಂದು ವಿಶ್ವಸಂಸ್ಥೆ 2025ರಿಂದ 2034ರವರೆಗಿನ ಅವಧಿಯನ್ನು ಘೋಷಿಸಿದೆ. ಪ್ರತಿವರ್ಷ ಜುಲೈ 12ರಂದು ಅದಕ್ಕಾಗಿಯೇ ಒಂದು ದಿನವನ್ನೂ ಮೀಸಲಿಟ್ಟಿದೆ. ಹಲವು ದೇಶಗಳ ವಾಯುಮಾಲಿನ್ಯ ಕಾನೂನುಗಳು ಧೂಳನ್ನು 'ನೈಸರ್ಗಿಕ', 'ಮಾನವ ನಿರ್ಮಿತ' ಎಂದು ಎರಡು ಲೆಕ್ಕಗಳಲ್ಲಿ ಬರೆದಿಡುತ್ತಿವೆ. ಧೂಳು ಹುಟ್ಟುವ ಬಗೆ ತಿಳಿಯದೆ ಈ ಎರಡರ ನಡುವೆ ಗೆರೆ ಎಳೆದರೆ ಅದು ತಪ್ಪು ಜಾಗದಲ್ಲಿ ಬೀಳುತ್ತದೆ. ಈಗ ಬಿದ್ದಿರುವುದೂ ಅಲ್ಲಿಯೇ ಎಂಬುದು ನನ್ನ ವಾದ.

ಮೊದಲು ಅಳತೆ. ಎರಡು ಮಿಲಿಮೀಟರಿನಿಂದ ಸುಮಾರು 60 ಮೈಕ್ರಾನ್‌ವರೆಗಿನ ಕಣಗಳನ್ನು ಮರಳು ಎನ್ನುತ್ತಾರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸರಿಸುಮಾರು 70 ಮೈಕ್ರಾನ್. ಅಲ್ಲಿಂದ ಕೆಳಗೆ ಎರಡು ಮೈಕ್ರಾನ್‌ವರೆಗಿನದು ರೇವೆ, ಅದಕ್ಕಿಂತ ಸಣ್ಣದು ಜೇಡಿ. ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಬಿಟ್ಟ 100 ಮೈಕ್ರಾನ್‌ನ ಮರಳಿನ ಕಣ ಅರ್ಧ ಗಂಟೆಯಲ್ಲಿ ನೆಲ ಮುಟ್ಟುತ್ತದೆ. ಹತ್ತು ಮೈಕ್ರಾನ್‌ನ ಕಣಕ್ಕೆ ಸುಮಾರು ಒಂದೂವರೆ ದಿನ ಬೇಕು. ಒಂದು ಮೈಕ್ರಾನ್‌ನದು, ಲೆಕ್ಕದ ಪ್ರಕಾರ, ಹೆಚ್ಚುಕಡಿಮೆ ಐದು ತಿಂಗಳು ತೆಗೆದುಕೊಳ್ಳಬೇಕು. ವಾಸ್ತವದಲ್ಲಿ ಅಷ್ಟರೊಳಗೆ ಯಾವುದೋ ಮಳೆ ಅದನ್ನು ತೊಳೆದು ಕೆಳಗಿಳಿಸಿರುತ್ತದೆ. ಗಾತ್ರ ಹತ್ತು ಪಟ್ಟು ಕಿರಿದಾದರೆ ಇಳಿಯುವ ವೇಗ ನೂರು ಪಟ್ಟು ಕುಗ್ಗುತ್ತದೆ. ಮರಳು ಮರುಭೂಮಿಯಲ್ಲೇ ದಿಬ್ಬವಾಗಿ ಉಳಿದು, ಧೂಳು ಸಾಗರ ದಾಟಿ ಹೋಗುವುದರ ಗುಟ್ಟು ಇಷ್ಟೇ. ನಮ್ಮ ಮೂಗಿನ ಸೋಸುವಿಕೆಯನ್ನು ತಪ್ಪಿಸಿಕೊಂಡು ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಈ ಅತಿಸಣ್ಣ ಕಣಗಳೇ.

ಹಾಗಾದರೆ ಬಂಡೆ ಇಷ್ಟು ಸಣ್ಣದಾಗುವುದು ಹೇಗೆ?

ಬಿಸಿಲಿನ ಮೇಲಿನ ಅಪವಾದವನ್ನು ಮೊದಲು ವಿಚಾರಿಸೋಣ. ಹಗಲು ಕಾದು ಹಿಗ್ಗುವ, ರಾತ್ರಿ ತಣಿದು ಕುಗ್ಗುವ ಬಂಡೆ ಕೊನೆಗೆ ಬಿರಿಯುತ್ತದೆ ಎಂಬುದು ಹಳೆಯ ನಂಬಿಕೆ. ಡೇವಿಡ್ ಗ್ರಿಗ್ಸ್ ಎಂಬ ಅಮೆರಿಕದ ಭೂವಿಜ್ಞಾನಿ 1936ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ನುಣುಪಾಗಿ ಮೆರುಗು ಕೊಟ್ಟ ಗ್ರಾನೈಟ್ ತುಂಡೊಂದನ್ನು ನೂರು ಡಿಗ್ರಿಗೂ ಹೆಚ್ಚಿನ ಅಂತರದಲ್ಲಿ ಕಾಯಿಸುವುದು, ಒಣ ಗಾಳಿಯಲ್ಲಿ ತಣಿಸುವುದು, ಮತ್ತೆ ಕಾಯಿಸುವುದು. ಹೀಗೆ 89,400 ಸಲ, ಅಂದರೆ 244 ವರ್ಷಗಳ ಹಗಲು ರಾತ್ರಿಗಳಿಗೆ ಸಮನಾಗಿ. ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಅದೇ ಪ್ರಯೋಗವನ್ನು ನೀರಿನ ತುಂತುರಿನಿಂದ ತಣಿಸುತ್ತಾ ಮಾಡಿದಾಗ ಕೆಲವೇ ದಿನಗಳಲ್ಲಿ ಮೆರುಗು ಮಾಸಿ, ಮೈಮೇಲೆ ಬಿರುಕುಗಳು ಮೂಡಿದವು. ಪುಟ್ಟ ತುಂಡಿನ ಮೇಲೆ ಮಾಡಿದ ಪ್ರಯೋಗ ಇಡೀ ಬಂಡೆಗೆ ಅನ್ವಯಿಸದು ಎಂಬ ಆಕ್ಷೇಪ ನ್ಯಾಯವಾದದ್ದೇ. ಮರುಭೂಮಿಯ ಗುಂಡುಕಲ್ಲುಗಳಲ್ಲಿ ಉತ್ತರ ದಕ್ಷಿಣವಾಗಿ ಸಾಲುಗೂಡಿದ ಬಿರುಕುಗಳನ್ನು ಮುಂದೆ ಗುರುತಿಸಿದವರು, ಸೂರ್ಯನ ಪಯಣಕ್ಕೂ ಆ ಬಿರುಕುಗಳಿಗೂ ನಂಟಿದೆ ಎಂದು ತೋರಿಸಿದ್ದಾರೆ. ಬಿಸಿಲು ಬಂಡೆಯನ್ನು ಸೀಳಬಲ್ಲದು, ನಿಜ. ಆದರೆ ಸೀಳಿದ ಕಲ್ಲು ಇನ್ನೂ ಕಲ್ಲೇ. ಅದನ್ನು ಹಿಟ್ಟಾಗಿಸುವುದು ಬೇರೆಯದೇ ಕೆಲಸ.

ಬಿರುಕಿನೊಳಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ. ಇದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ ಆದ್ದರಿಂದ ಹೆಚ್ಚು ಹೇಳಬೇಕಿಲ್ಲ. ಉಪ್ಪಿನ ಕೆಲಸದ ಬಗ್ಗೆ ನಾವು ಕೇಳಿರುವುದು ಕಡಿಮೆ. ಇಬ್ಬನಿಯೋ ಮಂಜೋ ಅಂತರ್ಜಲವೋ ಕಲ್ಲಿನ ಸಣ್ಣ ರಂಧ್ರಗಳೊಳಗೆ ಉಪ್ಪನ್ನು ಹೊತ್ತು ತರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಬೆಳೆಯುವ ಹರಳಿಗೆ ಜಾಗ ಬೇಕು, ಅದು ರಂಧ್ರದ ಗೋಡೆಯನ್ನು ಒತ್ತುತ್ತದೆ. ಮರುದಿನ ಮತ್ತೆ ತೇವ, ಮತ್ತೆ ಒಣಗು, ಮತ್ತೆ ಹರಳು. ಕಟ್ಟಡದ ಕಲ್ಲಿನ ಬಾಳಿಕೆಯನ್ನು ಪರೀಕ್ಷಿಸುವವರು ಇಂದಿಗೂ ಕಲ್ಲನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ನೆನೆಸಿ ಒಣಗಿಸಿ ನೋಡುತ್ತಾರೆ. ದುರ್ಬಲ ಕಲ್ಲು ಕೆಲವೇ ಸುತ್ತುಗಳಲ್ಲಿ ಉದುರಿ ಕೈಗೆ ಬರುತ್ತದೆ. ಮೊಹೆಂಜೊದಾರೊದ ಸಾವಿರಾರು ವರ್ಷ ಹಳೆಯ ಇಟ್ಟಿಗೆಗಳು ಇವತ್ತು ಪುಡಿಯಾಗಿ ಬೀಳುತ್ತಿರುವುದೂ ಇದೇ ಉಪ್ಪಿನಿಂದ. ಮರುಭೂಮಿಯಲ್ಲಿ ನೀರು ಕಡಿಮೆ, ಹೌದು. ಆದರೆ ಕೊಂಚ ಬಂದು ಬೇಗ ಆರಿಹೋಗುವ ನೀರೇ ಉಪ್ಪಿನ ಈ ಆಟಕ್ಕೆ ಹೇಳಿ ಮಾಡಿಸಿದ್ದು.

ಇನ್ನು ರಾಸಾಯನಿಕ ಬದಲಾವಣೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಸೋಜಿಗವೆನಿಸುವ ಭಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಳೆಯ ಗ್ರಾನೈಟ್ ಬಂಡೆಯ ಬುಡದಲ್ಲಿ ಬಿದ್ದಿರುವ ಒರಟು ಗರಸನ್ನು ಒಂದು ಚಿಟಿಕೆ ಅಂಗೈ ಮೇಲೆ ಹರಡಿ ನೋಡಿ. ಮೂರು ಬಗೆಯ ಕಣಗಳು ಕಾಣುತ್ತವೆ. ಗಾಜಿನಂತೆ ಬೂದು ಬಣ್ಣಕ್ಕೆ ಹೊಳೆಯುವುದು ಬೆಣಚು. ಅದನ್ನು ಉಗುರಿನಿಂದ ಏನು ಮಾಡಿದರೂ ಗೀರು ಬೀಳದು. ಕಪ್ಪಾಗಿ, ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವುದು ಅಭ್ರಕ. ಅದರ ಅಂಚು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಮೂರನೆಯದು ಫೆಲ್ಡ್‌ಸ್ಪಾರ್. ತಾಜಾ ಬಂಡೆಯಲ್ಲಿ ಗುಲಾಬಿಯೋ ಬಿಳಿಯೋ ಆಗಿ ಗಟ್ಟಿಯಾಗಿ ಮಿನುಗುತ್ತಿದ್ದ ಈ ಖನಿಜ ಇಲ್ಲಿ ಮಂಕಾಗಿ, ಸುಣ್ಣದ ಪುಡಿ ಮೆತ್ತಿದಂತೆ ಇರುತ್ತದೆ. ಎರಡು ಬೆರಳುಗಳ ನಡುವೆ ಇಟ್ಟು ಒತ್ತಿ ಉಜ್ಜಿದರೆ ಅದು ನುಣ್ಣಗೆ ಹಿಟ್ಟಾಗಿ ಬೆರಳಿನ ಗೆರೆಗಳಲ್ಲಿ ಕುಳಿತುಬಿಡುತ್ತದೆ. ಚಾಕುವಿಗೂ ಬಗ್ಗದ ಕಲ್ಲು ಬೆರಳಿಗೆ ಹಿಟ್ಟಾಯಿತೆಂದರೆ ನಡುವೆ ಏನೋ ನಡೆದಿದೆ.

ನಡೆದದ್ದು ಇದು. ಮಳೆನೀರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಮಾಲಿನ್ಯವಿಲ್ಲದ ಮಳೆಯ ಪಿಎಚ್ ಕೂಡ ಸುಮಾರು 5.6. ಮಣ್ಣಿಗೆ ಇಳಿದ ಮೇಲೆ ಬೇರುಗಳ, ಸೂಕ್ಷ್ಮಜೀವಿಗಳ ಉಸಿರಿನಿಂದ ಅದು ಇನ್ನಷ್ಟು ಹುಳಿಯಾಗುತ್ತದೆ. ಈ ಹುಳಿನೀರು ಫೆಲ್ಡ್‌ಸ್ಪಾರಿನೊಳಗಿನ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಒಂದೊಂದಾಗಿ ಕಿತ್ತು ತೊಳೆದೊಯ್ಯುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ಹೊಸದಾಗಿ ಜೋಡಣೆಗೊಂಡು ಅತಿ ತೆಳುವಾದ ಹಾಳೆಗಳಾಗುತ್ತವೆ. ಅದೇ ಜೇಡಿ. ಅಂದರೆ ಜೇಡಿಮಣ್ಣು ಒಡೆದು ಸಣ್ಣದಾದ ಕಲ್ಲೇ ಅಲ್ಲ. ಕಲ್ಲು ಕರಗಿದ ಜಾಗದಲ್ಲಿ ನೀರು ಹೊಸದಾಗಿ ಹೆಣೆದ ಖನಿಜ. ಅದು ಹುಟ್ಟುವಾಗಲೇ ಮೈಕ್ರಾನ್ ಗಾತ್ರದ್ದು. ಭೂಮಿಯ ಹೊರಚಿಪ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಖನಿಜ ಕುಟುಂಬವೇ ಫೆಲ್ಡ್‌ಸ್ಪಾರ್ ಎಂಬುದನ್ನು ನೆನೆದರೆ, ಧೂಳಿನ ಕಾರ್ಖಾನೆ ಎಷ್ಟು ದೊಡ್ಡದೆಂಬ ಅಂದಾಜು ಸಿಗುತ್ತದೆ. ಗಾಳಿಯಲ್ಲಿ ತೇಲುವ ಅತಿ ನುಣ್ಣನೆಯ ಧೂಳಿನಲ್ಲಿ ಬಹುಪಾಲು ಇಂಥ ಜೇಡಿ ಖನಿಜಗಳೇ. ನೀರಿಲ್ಲದೆ ಅವು ಹುಟ್ಟುವ ದಾರಿಯೇ ಇಲ್ಲ.

ಪಕ್ಕದ ಕಪ್ಪು ಅಭ್ರಕವೂ ಸುಮ್ಮನಿರುವುದಿಲ್ಲ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಳೆಗಳ ನಡುವೆ ನೀರು ಸೇರಿ ಉಬ್ಬುತ್ತದೆ, ಉಬ್ಬಿ ಅಕ್ಕಪಕ್ಕದ ಕಣಗಳನ್ನು ದೂಡುತ್ತದೆ. ಬಂಡೆಯ ಮೈಯಲ್ಲಿ ಕಲ್ಲುಹೂವು ಬೆಳೆದಿದ್ದರೆ ಅದರ ನೂಲಿನಂತಹ ಎಳೆಗಳು ಕಣಗಳ ಸಂದಿಗೆ ನುಸುಳಿ ಆಕ್ಸಾಲಿಕ್ ಆಮ್ಲವನ್ನು ಸುರಿಸುತ್ತವೆ. ಒಟ್ಟಿನಲ್ಲಿ ಕಟ್ಟು ಸಡಿಲಾಗುತ್ತದೆ, ಬೆಣಚಿನ ಕಣ ಯಾರೂ ಮುಟ್ಟದೆಯೇ ಕಳಚಿ ಬೀಳುತ್ತದೆ. ಮರಳು ಬಹುಪಾಲು ಹೀಗೆ ಅನಾಥವಾಗಿ ಉಳಿದ ಬೆಣಚು.

ಒಡೆಯುವುದೂ ಕರಗುವುದೂ ಒಂದಕ್ಕೊಂದು ಹೆಗಲು ಕೊಡುತ್ತವೆ. ಒಂದು ಮೀಟರ್ ಉದ್ದಗಲ ಎತ್ತರದ ಕಲ್ಲಿಗೆ ಆರು ಚದರ ಮೀಟರ್ ಮೈ. ಅದನ್ನು ಒಂದೊಂದು ಮಿಲಿಮೀಟರಿನ ತುಂಡುಗಳಾಗಿಸಿದರೆ ಒಟ್ಟು ಮೈ 6,000 ಚದರ ಮೀಟರ್, ಸುಮಾರು ಒಂದೂವರೆ ಎಕರೆ. ಹತ್ತು ಮೈಕ್ರಾನ್‌ನ ತುಂಡುಗಳಾದರೆ ಸುಮಾರು 150 ಎಕರೆ! ನೀರು ಕೆಲಸ ಮಾಡುವುದು ಮೈಮೇಲೆಯೇ ಆದ್ದರಿಂದ, ಪ್ರತಿ ಹೊಸ ಬಿರುಕು ಅದಕ್ಕೆ ಹೊಸ ಹೊಲ. ಹಾಗಿದ್ದೂ ಈ ಕೆಲಸ ನಿಧಾನದ್ದು. ಬಂಡೆಯಿಂದ ಒಂದು ಸೆಂಟಿಮೀಟರ್ ಮಣ್ಣು ಕಟ್ಟಲು ನೂರಾರು ವರ್ಷಗಳು ಬೇಕು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ, ಮುಂದೆ ಬೇಕಾಗುತ್ತದೆ.

ಬೆಣಚಿನಂತಹ ಗಟ್ಟಿ ಖನಿಜವನ್ನು ರೇವೆಯಷ್ಟು ಸಣ್ಣಗೆ ಅರೆಯಬಲ್ಲ ದೈತ್ಯ ಯಂತ್ರವೆಂದರೆ ಹಿಮನದಿ, ಅದೂ ನೀರಿನದೇ ಇನ್ನೊಂದು ರೂಪ. ನೂರಾರು ಮೀಟರ್ ದಪ್ಪದ ಹಿಮ ತನ್ನ ತಳದಲ್ಲಿ ಕಲ್ಲುಗಳನ್ನು ಹಿಡಿದುಕೊಂಡು ನೆಲದ ಬಂಡೆಯ ಮೇಲೆ ಉಜ್ಜುತ್ತಾ ಸಾಗುತ್ತದೆ. ಉಜ್ಜಿದ ಹಿಟ್ಟು ಕರಗಿದ ನೀರಿನೊಂದಿಗೆ ಹೊರಬಂದು, ಕೆಳಗಿನ ಸರೋವರಗಳಿಗೆ ಆ ಹಾಲುಬೆರೆತ ನೀಲಿ ಬಣ್ಣ ಕೊಡುತ್ತದೆ. ಐಸ್‌ಲ್ಯಾಂಡ್‌ನ ಧೂಳಿನ ಬಿರುಗಾಳಿಗಳು ಏಳುವುದು ಹಿಮನದಿಗಳು ಹೀಗೆ ಹಿಟ್ಟು ಸುರಿದುಹೋದ ಬಯಲುಗಳಿಂದ. ಮರುಭೂಮಿಯಿಲ್ಲದೆಯೂ ಧೂಳು ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಯಾರಾದ ಹುಡಿಯನ್ನು ಜರಡಿ ಹಿಡಿದು ಒಂದೆಡೆ ಕೂಡಿಡುವುದೂ ನೀರೇ. ಬಾಟಲಿಯಲ್ಲಿ ನಡೆದದ್ದೇ ಭೂಮಿಯ ಮೇಲೆ ನೂರಾರು ಕಿಲೋಮೀಟರ್ ಅಳತೆಯಲ್ಲಿ ನಡೆಯುತ್ತದೆ. ಇಳಿಜಾರಿನಲ್ಲಿ ಹರಿಯುವ ನದಿ ಮೊದಲು ದುಂಡುಗಲ್ಲುಗಳನ್ನು, ಆಮೇಲೆ ಮರಳನ್ನು ಕೈಬಿಡುತ್ತದೆ. ರೇವೆ ಮತ್ತು ಜೇಡಿ ಕೊನೆಯವರೆಗೂ ಜೊತೆಗೆ ಬಂದು, ನೀರು ನಿಲ್ಲುವಲ್ಲಿ, ಅಂದರೆ ಸರೋವರದ ತಳದಲ್ಲಿ ಅಥವಾ ನೆರೆ ಹರಡುವ ಮೆಕ್ಕಲು ಬಯಲಿನಲ್ಲಿ ನೆಲೆಯಾಗುತ್ತವೆ. ಸಾವಿರಾರು ವರ್ಷ ಹೀಗೆ ಕೂಡಿಟ್ಟ ಕಣಜ ಒಣಗಿದಾಗ ಗಾಳಿಗೆ ಸಿಗುವುದು ಶುದ್ಧ ಧೂಳು, ಮರಳಿನ ಬೆರಕೆಯೂ ಕಡಿಮೆ.

ಜೋಸೆಫ್ ಪ್ರಾಸ್ಪೆರೊ ಮತ್ತು ಸಂಗಡಿಗರು 2002ರಲ್ಲಿ ಉಪಗ್ರಹ ದಾಖಲೆಗಳನ್ನು ಜೋಡಿಸಿ ಪ್ರಪಂಚದ ದೊಡ್ಡ ಧೂಳಿನ ಮೂಲಗಳ ನಕ್ಷೆ ತಯಾರಿಸಿದಾಗ ಕಂಡದ್ದು ಇದೇ. ಪ್ರಖ್ಯಾತ ಮರಳುದಿಬ್ಬಗಳ ಪ್ರದೇಶಗಳಿಗಿಂತ, ಸುತ್ತಲಿನ ನೆಲಕ್ಕಿಂತ ತಗ್ಗಾದ, ಒಂದು ಕಾಲಕ್ಕೆ ನೀರು ನಿಂತಿದ್ದ ಜಾಗಗಳೇ ಹೆಚ್ಚಾಗಿ ಧೂಳು ಕಾರುತ್ತಿದ್ದವು. ಅವುಗಳಲ್ಲಿ ಹೆಸರಾದದ್ದು ಚಾಡ್ ದೇಶದ ಬೊಡೆಲೆ ತಗ್ಗು. ಸುಮಾರು ಆರು ಸಾವಿರ ವರ್ಷಗಳ ಹಿಂದೆ ಅಲ್ಲಿ ಈಗಿನ ಕ್ಯಾಸ್ಪಿಯನ್ ಸಮುದ್ರಕ್ಕೆ ಹೋಲಿಸಬಹುದಾದಷ್ಟು ದೊಡ್ಡ ಸಿಹಿನೀರಿನ ಸರೋವರವಿತ್ತು. ಈಗ ಉಳಿದಿರುವುದು ಅದರಲ್ಲಿ ಬದುಕಿದ್ದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಸಿಲಿಕಾ ಚಿಪ್ಪುಗಳ ಬಿಳಿ ನೆಲ. ತಿಬೆಸ್ತಿ ಮತ್ತು ಎನ್ನೆಡಿ ಬೆಟ್ಟಗಳ ನಡುವಿನ ಕಂಡಿಯಲ್ಲಿ ನುಗ್ಗಿ ಬರುವ ಗಾಳಿ ಆ ಚಿಪ್ಪುಗಳನ್ನು ಎಬ್ಬಿಸುತ್ತದೆ.

ಚಾರ್ಲ್ಸ್ ಡಾರ್ವಿನ್ 1832ರ ಜನವರಿಯಲ್ಲಿ ಕೇಪ್ ವರ್ಡ್ ದ್ವೀಪಗಳ ಬಳಿ ಬೀಗಲ್ ಹಡಗಿನ ಮೇಲೆ ಬಿದ್ದ ಕಂದು ಧೂಳನ್ನು ಪೊಟ್ಟಣ ಕಟ್ಟಿದ್ದರು. ಆ ಸಮುದ್ರದಲ್ಲಿ ಸಂಗ್ರಹವಾದ ಇಂಥ ಪೊಟ್ಟಣಗಳನ್ನು ಜರ್ಮನಿಯ ಎಹ್ರೆನ್‌ಬರ್ಗ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ 67 ಬಗೆಯ ಸೂಕ್ಷ್ಮಜೀವಿ ರೂಪಗಳು ಸಿಕ್ಕವು. ಸೂಕ್ಷ್ಮಚಿಪ್ಪಿನ ಆ ಜೀವಿಗಳಲ್ಲಿ ಎರಡನ್ನು ಬಿಟ್ಟರೆ ಮಿಕ್ಕವೆಲ್ಲ ಸಿಹಿನೀರಿನವು. ನಡುಸಾಗರದಲ್ಲಿ, ಮರುಭೂಮಿಯ ಕಡೆಯಿಂದ ಬಂದ ಗಾಳಿಯಲ್ಲಿ, ಸಿಹಿನೀರಿನ ಜೀವಿಗಳು! ಧೂಳು ತನ್ನ ತವರನ್ನು ಆಗಲೇ ಹೇಳಿತ್ತು.

ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ಕಲ್ಲಿನಲ್ಲಿ ಹಿಟ್ಟನ್ನೂ ಬೀಸುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಇರುವುದು ನನಗೆ ಬಹಳ ಇಷ್ಟ. ಗಾಳಿ ಹೊತ್ತ ಮರಳು ಬಂಡೆಯನ್ನು ಉಜ್ಜುತ್ತದೆ, ಮರಳಿನ ಕಣಗಳು ತಮ್ಮತಮ್ಮೊಳಗೆ ತಿಕ್ಕಾಡಿ ಚೂಪು ಕಳೆದುಕೊಳ್ಳುತ್ತವೆ, ಅದರಿಂದಲೂ ಒಂದಿಷ್ಟು ಹುಡಿ ಉದುರುತ್ತದೆ. ಆದರೆ ಗಾಳಿಯ ಮುಖ್ಯ ಕೆಲಸ ಸಾಗಣೆ. ಅದನ್ನು ಶುರುಮಾಡುವುದಕ್ಕೂ ಅದಕ್ಕೆ ನೆರವು ಬೇಕು.

ಲಿಬಿಯಾದ ಮರುಭೂಮಿಯನ್ನು ಕಾರಿನಲ್ಲಿ ಸುತ್ತಿದ್ದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1930ರ ದಶಕದಲ್ಲಿ ಗಾಳಿಸುರಂಗದಲ್ಲಿ ಸಿಮೆಂಟ್ ಪುಡಿಯನ್ನು ನಯವಾಗಿ ಹರಡಿ ಗಾಳಿ ಹಾಯಿಸಿ ನೋಡಿದರು. ಸಣ್ಣ ಬೆಣಚುಕಲ್ಲುಗಳನ್ನು ಉರುಳಿಸಬಲ್ಲ ಗಾಳಿಗೂ ಆ ಪುಡಿ ಜಗ್ಗಲಿಲ್ಲ. ತೀರಾ ಸಣ್ಣ ಕಣಗಳು ಒಂದನ್ನೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ನೆಲಕ್ಕೆ ತಾಗಿದ ಗಾಳಿಯ ತೆಳು ಪದರದೊಳಗೆ ಅಡಗಿಕೊಳ್ಳುತ್ತವೆ. ಗಾಳಿ ಎಲ್ಲಕ್ಕಿಂತ ಸುಲಭವಾಗಿ ಎತ್ತಬಲ್ಲದ್ದು ಸುಮಾರು 100 ಮೈಕ್ರಾನ್ ಸುತ್ತಮುತ್ತಲಿನ ನುಣ್ಣನೆಯ ಮರಳು. ಆ ಕಣ ಮೇಲಕ್ಕೆ ಚಿಮ್ಮಿ, ಗಾಳಿಯಿಂದ ವೇಗ ಪಡೆದು, ಕೆಳಗೆ ಬಂದು ಅಪ್ಪಳಿಸುತ್ತದೆ. ಅಪ್ಪಳಿಸಿದ ರಭಸಕ್ಕೆ ಇನ್ನಷ್ಟು ಮರಳು ಪುಟಿಯುತ್ತದೆ, ಜೇಡಿಯ ಹೆಂಟೆಗಳು ಸಿಡಿದು ಧೂಳು ಬಿಡುಗಡೆಯಾಗುತ್ತದೆ. ಹೆಂಟೆ ಒಡೆದು ಹೊಮ್ಮುವ ಧೂಳಿನ ಗಾತ್ರಗಳ ಹಂಚಿಕೆಯು ಗಾಜಿನಂತಹ ಪೆಡಸು ವಸ್ತು ಒಡೆದಾಗ ಚೂರುಗಳು ಹಂಚಿಕೊಳ್ಳುವ ಕ್ರಮವನ್ನೇ ಹೋಲುತ್ತದೆ ಎಂದು ಜ್ಯಾಸ್ಪರ್ ಕಾಕ್ 2011ರಲ್ಲಿ ತೋರಿಸಿದರು. ಒಣ ಮಣ್ಣಿನ ದಾರಿಯಲ್ಲಿ ಗಾಳಿ ಬೀಸುತ್ತಿದ್ದರೂ ಏಳದ ಧೂಳು ಒಂದು ಬಂಡಿ ಹಾದುಹೋದ ಕೂಡಲೇ ಮೋಡದಂತೆ ಏಳುವುದನ್ನು ಎಲ್ಲರೂ ಕಂಡಿದ್ದೇವೆ. ಮೊದಲ ಏಟು ಬೇಕು, ಅಷ್ಟೇ.

ಆ ಏಟನ್ನು ತಡೆಯುವ ಕವಚವೊಂದು ನೆಲಕ್ಕಿದೆ. ಒಣಭೂಮಿಯಲ್ಲಿ ಕಾಲಕೆಳಗಿನ ಮಣ್ಣು ಕೆಲವೆಡೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ರೊಟ್ಟಿಯ ಮೈಯಂತೆ ಕಾಣುತ್ತದೆ. ಅದರ ಒಂದು ಚೂರನ್ನು ಉಗುರಿನಿಂದ ಮೆಲ್ಲನೆ ಎತ್ತಿ ಬೆಳಕಿಗೆ ಹಿಡಿದರೆ ಅಡಿಭಾಗದಿಂದ ಕೂದಲಿಗಿಂತ ತೆಳುವಾದ ಎಳೆಗಳು ಇಳಿಬಿದ್ದಿರುತ್ತವೆ, ಆ ಎಳೆಗಳಿಗೆ ಮರಳಿನ ಕಣಗಳು ಮಣಿಗಳಂತೆ ತೂಗುತ್ತಿರುತ್ತವೆ. ಅವು ಸಯನೋಬ್ಯಾಕ್ಟೀರಿಯಾ ಎಂಬ, ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿಗಳ ಎಳೆಗಳು. ಮಳೆ ಬಂದಾಗ ಅವು ಅಂಟು ಸುರಿಸುತ್ತಾ ಮಣ್ಣಿನೊಳಗೆ ಹರಿದಾಡಿ ಕಣಗಳನ್ನು ಹೊಲಿದಿರುತ್ತವೆ. ಪಾಚಿ, ಕಲ್ಲುಹೂವುಗಳು ಆಮೇಲೆ ಅದರ ಮೇಲೆ ಬಂದು ನೆಲೆಸುತ್ತವೆ. ಭೂಮಿಯ ನೆಲದಲ್ಲಿ ಸುಮಾರು ಶೇ. 12ರಷ್ಟಕ್ಕೆ ಇಂಥ ಜೀವಂತ ಹೊದಿಕೆಯಿದೆ ಎಂಬ ಅಂದಾಜಿದೆ. ಅದು ಇಲ್ಲದಿದ್ದರೆ ಏಳಬಹುದಾಗಿದ್ದ ಧೂಳಿನಲ್ಲಿ ಸುಮಾರು ಶೇ. 60ರಷ್ಟನ್ನು ಅದು ತಡೆಹಿಡಿದಿದೆ ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿತು. ಇಷ್ಟು ದೊಡ್ಡ ಕೆಲಸ ಮಾಡುವ ಹೊದಿಕೆಯ ದಪ್ಪ ಕೆಲವೇ ಮಿಲಿಮೀಟರ್. ಒಂದು ಹೆಜ್ಜೆ, ಒಂದು ಗೊರಸು, ಒಂದು ಚಕ್ರ ಸಾಕು ಮುರಿಯಲು. ಮತ್ತೆ ಕೂಡಿಕೊಳ್ಳಲು ವರ್ಷಗಳು, ಕೆಲವೆಡೆ ದಶಕಗಳೇ ಬೇಕು.

ಈಗ ಆ ಗೆರೆಯ ಪ್ರಶ್ನೆಗೆ ಬರೋಣ. ಯುರೋಪಿಯನ್ ಒಕ್ಕೂಟದ 2008ರ ವಾಯು ಗುಣಮಟ್ಟ ನಿರ್ದೇಶನವು, ಮಾಲಿನ್ಯದ ಮಿತಿ ಮೀರಿದ ದಿನಗಳ ಲೆಕ್ಕದಿಂದ ನೈಸರ್ಗಿಕ ಮೂಲದ ಧೂಳನ್ನು ಕಳೆಯಲು ಅವಕಾಶ ಕೊಟ್ಟಿತು. ಅಮೆರಿಕದಲ್ಲೂ 'ಅಸಾಧಾರಣ ಘಟನೆ' ಎಂಬ ನಿಯಮದಡಿ ಇಂಥ ದಿನಗಳನ್ನು ಬದಿಗಿಡಬಹುದು. ತನ್ನ ಕೈಮೀರಿದ, ಸಾವಿರಾರು ಕಿಲೋಮೀಟರ್ ದೂರದ ಸಹಾರಾದ ಧೂಳಿಗೆ ಒಂದು ನಗರವನ್ನು ಹೊಣೆ ಮಾಡಬಾರದೆಂಬುದು ಇದರ ತರ್ಕ, ಅದರಲ್ಲಿ ನ್ಯಾಯವಿದೆ. ಶ್ವಾಸಕೋಶ ಈ ವ್ಯತ್ಯಾಸ ನೋಡುವುದಿಲ್ಲ ಎಂಬುದು ಒಂದು ಆಕ್ಷೇಪ. ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಇನ್ನೊಂದು: 'ನೈಸರ್ಗಿಕ' ಎಂಬ ಮಾತು ಧೂಳಿನ ಹುಟ್ಟನ್ನು ಹೇಳುತ್ತದೆಯೋ, ಬಿಡುಗಡೆಯನ್ನೋ? ಹುಟ್ಟಿನ ಲೆಕ್ಕದಲ್ಲಿ ಖನಿಜ ಧೂಳೆಲ್ಲ ಬಹುಪಾಲು ನೈಸರ್ಗಿಕವೇ. ಕೇಳಬೇಕಾದದ್ದು ಕಣಜದ ಬಾಗಿಲು ತೆರೆದವರು ಯಾರೆಂದು.

ಕ್ಯಾಲಿಫೋರ್ನಿಯಾದ ಓವೆನ್ಸ್ ಸರೋವರವನ್ನು ನೋಡಿ. ಬೆಟ್ಟಗಳಿಂದ ಇಳಿದ ಹುಡಿಯನ್ನು, ಉಪ್ಪನ್ನು ಅದು ಸಾವಿರಾರು ವರ್ಷ ತನ್ನ ತಳದಲ್ಲಿ ಕೂಡಿಟ್ಟಿತ್ತು. ಅದಕ್ಕೆ ನೀರುಣಿಸುತ್ತಿದ್ದ ನದಿಯನ್ನು 1913ರಲ್ಲಿ ಲಾಸ್ ಏಂಜಲಿಸ್ ನಗರದ ಕಾಲುವೆಗೆ ತಿರುಗಿಸಲಾಯಿತು. 1920ರ ದಶಕ ಮುಗಿಯುವುದರೊಳಗೆ ಸರೋವರ ಬತ್ತಿತು. ಮುಂದೆ ಅದು ಅಮೆರಿಕದಲ್ಲೇ ಹತ್ತು ಮೈಕ್ರಾನ್ ಒಳಗಿನ ಧೂಳಿನ ಅತಿದೊಡ್ಡ ಏಕೈಕ ಮೂಲವೆನಿಸಿತು. ಅಲ್ಲಿನ ಪ್ರತಿ ಕಣವೂ ಪ್ರಕೃತಿಯ ತಯಾರಿಕೆ, ಆದರೆ ಒಂದು ಕಣವೂ ತಾನಾಗಿ ಹಾರಿದ್ದಲ್ಲ.

ಮಧ್ಯ ಏಷ್ಯಾದ ಅರಲ್ ಸಮುದ್ರದ ಕಥೆ ಇದನ್ನೇ ನೂರಾರು ಪಟ್ಟು ದೊಡ್ಡದಾಗಿ ಬರೆದಂತಿದೆ. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಹರಡಿದ್ದ ಆ ಸರೋವರ, ಹತ್ತಿಯ ಹೊಲಗಳಿಗಾಗಿ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ತಿರುಗಿಸಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು ಅಳಿಯಿತು. ತಳದಿಂದ ಎದ್ದ ಹೊಸ ಮರುಭೂಮಿಗೆ ಅರಲ್‌ಕುಮ್ ಎಂಬ ಹೆಸರೂ ಬಂತು. ಅಲ್ಲಿಂದ ಏಳುವ ಧೂಳಿನಲ್ಲಿ ಉಪ್ಪಿದೆ, ಹೊಲಗಳಿಂದ ತೊಳೆದುಬಂದ ಕೀಟನಾಶಕಗಳ ಉಳಿಕೆಯಿದೆ. ಇರಾನಿನ ಉರ್ಮಿಯಾ ಸರೋವರವೂ ಅದೇ ದಾರಿಯಲ್ಲಿದೆ.

ಸರೋವರವಿಲ್ಲದ ಕಡೆಯೂ ಬಾಗಿಲು ತೆರೆಯಬಹುದು. ಉತ್ತರ ಅಮೆರಿಕದ ಮಹಾ ಬಯಲುಗಳ ಹುಲ್ಲಿನ ಬೇರುಗಳು ಹಿಡಿದಿಟ್ಟಿದ್ದ ಮಣ್ಣನ್ನು ನೇಗಿಲು ಮಗುಚಿತು. 1930ರ ದಶಕದ ಬರ ಬಂದಾಗ ಆ ಮಣ್ಣು ಎದ್ದು ನಿಂತಿತು. 1935ರ ಏಪ್ರಿಲ್ 14ರ ಭಾನುವಾರ ಹಗಲಿನಲ್ಲೇ ಕತ್ತಲು ಕವಿಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮಣ್ಣಿನ ಸಂರಕ್ಷಣೆಯ ಕಾನೂನು ಜಾರಿಗೆ ಬಂತು. ಸೆಂಟಿಮೀಟರಿಗೆ ನೂರಾರು ವರ್ಷ ಎಂದು ಮೇಲೆ ಹೇಳಿದ್ದೆ. ಅಂತಹ ಹಲವು ಸೆಂಟಿಮೀಟರುಗಳನ್ನು ಕೆಲವು ವರ್ಷಗಳ ಗಾಳಿ ತೆಗೆದುಕೊಂಡು ಹೋಯಿತು.

ಪ್ರತಿವರ್ಷ ಸುಮಾರು 200 ಕೋಟಿ ಟನ್ ಮರಳು ಮತ್ತು ಧೂಳು ವಾತಾವರಣ ಸೇರುತ್ತದೆ, ಅದರಲ್ಲಿ ಕನಿಷ್ಠ ಕಾಲು ಭಾಗ ಮನುಷ್ಯರ ಚಟುವಟಿಕೆಯಿಂದ ಎಂಬುದು ಮರುಭೂಮೀಕರಣ ತಡೆಯುವ ವಿಶ್ವಸಂಸ್ಥೆಯ ಒಪ್ಪಂದ ಸಂಸ್ಥೆ ಕೊಡುವ ಅಂದಾಜು. ಅಂದರೆ ಉಳಿದ ಮುಕ್ಕಾಲು ಭಾಗದೊಂದಿಗೆ ಹೋರಾಡುವುದರಲ್ಲಿ ಅರ್ಥವಿಲ್ಲ. ಹೋರಾಡಲೂಬಾರದು ಎನ್ನುತ್ತೇನೆ. ಸಹಾರಾದಿಂದ ಪಶ್ಚಿಮಕ್ಕೆ ವರ್ಷಕ್ಕೆ ಸರಾಸರಿ 18 ಕೋಟಿ 20 ಲಕ್ಷ ಟನ್ ಧೂಳು ಹೊರಟು, ಸುಮಾರು 2.8 ಕೋಟಿ ಟನ್ ಅಮೆಜಾನ್ ಜಲಾನಯನದ ಮೇಲೆ ಬೀಳುತ್ತದೆ ಎಂದು ನಾಸಾದ ಉಪಗ್ರಹ ದಾಖಲೆಗಳನ್ನು ಆಧರಿಸಿದ 2015ರ ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿರುವ, ಗಿಡಗಳಿಗೆ ಗೊಬ್ಬರವಾಗುವ ಸುಮಾರು 22,000 ಟನ್ ರಂಜಕ, ಆ ಕಾಡಿನಿಂದ ಮಳೆ ಮತ್ತು ನೆರೆ ತೊಳೆದೊಯ್ಯುವ ರಂಜಕಕ್ಕೆ ಹೆಚ್ಚುಕಡಿಮೆ ಸಮ. ಹವಾಯಿ ದ್ವೀಪಗಳ ಬಸಾಲ್ಟ್ ಬಂಡೆಯಲ್ಲಿ ಬೆಣಚು ಇಲ್ಲವೇ ಇಲ್ಲ, ಆದರೂ ಅಲ್ಲಿನ ಮಣ್ಣಿನಲ್ಲಿ ಬೆಣಚು ಸಿಗುತ್ತದೆ. ಅದು ಪೆಸಿಫಿಕ್ ಸಾಗರ ದಾಟಿ ಏಷ್ಯಾದಿಂದ ಬಂದ ಧೂಳು. ದ್ವೀಪಗಳ ಹಳೆಯ ಮಣ್ಣು ತನ್ನ ಸ್ವಂತ ರಂಜಕವನ್ನು ಮಳೆಗೆ ಕಳೆದುಕೊಂಡ ಮೇಲೆ ಗಿಡಗಳನ್ನು ಸಾಕುತ್ತಿರುವುದರಲ್ಲಿ ಈ ಧೂಳಿನ ಪಾಲೂ ಇದೆ. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಂತೂ ಗಾಳಿ ತಂದು ಸುರಿದ ಧೂಳೇ ಕೆಲವೆಡೆ 300 ಮೀಟರ್ ದಪ್ಪವಿದೆ. ಹಳದಿ ನದಿಗೆ ಆ ಬಣ್ಣ ಬಂದಿರುವುದು ಅಲ್ಲಿಂದ. ಸಾಗರದ ಸೂಕ್ಷ್ಮ ಸಸ್ಯಗಳಿಗೆ ಬೇಕಾದ ಕಬ್ಬಿಣದ ದೊಡ್ಡ ಪಾಲು ಸಿಗುವುದೂ ಹೀಗೆ ಬಿದ್ದ ಧೂಳಿನಿಂದಲೇ.

ಆದ್ದರಿಂದ ಧೂಳಿನ ವಿರುದ್ಧದ ದಶಕದಲ್ಲಿ ಹಣ ಎಲ್ಲಿಗೆ ಹೋಗಬೇಕು ಎಂಬುದು ನನಗೆ ಸ್ಪಷ್ಟ. ಬೊಡೆಲೆಯಂತಹ ಸಹಜ ಮೂಲಗಳ ಮೇಲೆ ಗಿಡ ನೆಡುವ ಯೋಜನೆಗಳು ಚಿತ್ರಕ್ಕೆ ಚೆಂದ, ಕೆಲಸಕ್ಕೆ ಬಾರವು. ಅಲ್ಲಿಗೆ ಬೇಕಿರುವುದು ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ. ಖರ್ಚು ಮಾಡಬೇಕಾದದ್ದು ಬಾಗಿಲು ಇನ್ನೂ ಅರೆ ಮುಚ್ಚಿರುವ ಕಡೆ. ಕುಗ್ಗುತ್ತಿರುವ ಸರೋವರಗಳಿಗೆ ಅವುಗಳ ಪಾಲಿನ ನೀರನ್ನು ಕಾನೂನಿನಲ್ಲೇ ಕಾದಿಡುವುದು, ಕೊಯ್ಲಿನ ನಂತರ ಕೂಳೆಯನ್ನು ಹೊಲದಲ್ಲೇ ಬಿಡುವುದು, ಒಣಭೂಮಿಯ ಜೀವಂತ ಹೊದಿಕೆಯ ಮೇಲೆ ವಾಹನಗಳನ್ನು, ಅತಿಮೇವನ್ನು ಹತೋಟಿಯಲ್ಲಿಡುವುದು. ಹಿಮನದಿಗಳು ಹಿಂದೆ ಸರಿದಂತೆ ಹೊಸ ಹಿಟ್ಟಿನ ಬಯಲುಗಳು ಬಯಲಾಗುತ್ತಿವೆ; ಅಲ್ಲಿಂದ ಎದ್ದ ಧೂಳು ಮತ್ತೆ ಹಿಮದ ಮೇಲೆಯೇ ಕುಳಿತು, ಅದರ ಬಿಳುಪು ಕೆಡಿಸಿ, ಕರಗುವಿಕೆಯನ್ನು ಚುರುಕುಗೊಳಿಸುತ್ತದೆ. ಅವುಗಳ ಮೇಲೆ ಈಗಿನಿಂದಲೇ ಕಣ್ಣಿಡಬೇಕು. ಕಾನೂನಿನ ಲೆಕ್ಕದಲ್ಲಂತೂ, ಮನುಷ್ಯ ಬತ್ತಿಸಿದ ಕೆರೆಯ ಧೂಳಿಗೆ 'ನೈಸರ್ಗಿಕ' ಎಂಬ ವಿನಾಯಿತಿ ಎಂದೂ ಸಿಗಬಾರದು.

ಓವೆನ್ಸ್ ಸರೋವರದ ವಿಷಯದಲ್ಲಿ ಕೊನೆಗೂ ನಗರವನ್ನೇ ಹೊಣೆ ಮಾಡಲಾಯಿತು. ಬತ್ತಿದ ತಳದ ಮೇಲೆ ಜಲ್ಲಿ ಹರಡಿದರು, ಉಪ್ಪು ತಾಳುವ ಹುಲ್ಲು ಬೆಳೆಸಿದರು, ಎಲ್ಲಕ್ಕಿಂತ ಹೆಚ್ಚು ಜಾಗದಲ್ಲಿ ನೀರನ್ನೇ ತೆಳುವಾಗಿ ಹಾಯಿಸಿದರು. ಇದುವರೆಗಿನ ಖರ್ಚು 200 ಕೋಟಿ ಡಾಲರುಗಳನ್ನು ದಾಟಿದೆ. ಧೂಳು ಬಹಳಷ್ಟು ಇಳಿದಿದೆ. ಗೇಣುದ್ದವೂ ಆಳವಿಲ್ಲದ ಆ ನೀರಿಗೆ ಉಪ್ಪುನೀರಿನ ನೊಣಗಳು ಬಂದವು, ನೊಣಗಳನ್ನು ಹುಡುಕಿಕೊಂಡು ದಡದ ಹಕ್ಕಿಗಳು ಬಂದವು; ಈಗ ವಲಸೆಯ ದಿನಗಳಲ್ಲಿ ಅಲ್ಲಿ ಸಾವಿರಾರು ಹಕ್ಕಿಗಳು ಆ ಕೆಸರಿನಲ್ಲಿ ಕೊಕ್ಕಾಡಿಸುತ್ತಾ ನಿಂತಿರುತ್ತವೆ.